ಒಡೆಯನ ಮಾತು, ನೇಕಾರನ ಕೈ

ಗಲಗಲಿಯವರಾದ ನಮಗೆ ರಬಕವಿ-ಬನಹಟ್ಟಿಯ ಮಗ್ಗಗಳು ಅಪರಿಚಿತವಲ್ಲ. ಸೀರೆಯ ದಡಿ, ಬಣ್ಣಗಳನ್ನು ಹೇಳುವವನು ಒಡೆಯನು, ಲಾಳಿಯನ್ನೋಡಿಸುವವನು ನೇಕಾರನು. ನಮ್ಮ ಮಕ್ಕಳು ದುಡಿಯುವ ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿಯೂ ಇಂಥದೇ ಧರ್ಮವಿರುವದು.

2001ರಲ್ಲಿ ಅಮೇರಿಕೆಯ ಯೂಟಾ ಪ್ರಾಂತದಲ್ಲಿ 17 ಜನ ತಜ್ಞರು ಕೂಡಿ ‘ಅಜೈಲ್’ ತತ್ತ್ವಗಳನ್ನು ಸಾರಿದರು. ಆ ತತ್ತ್ವಗಳನ್ನು ಅನುಸರಿಸುವ ‘ಸ್ಕ್ರಮ್’ ಪದ್ಧತಿಯಲ್ಲಿ ‘ಪ್ರಾಡಕ್ಟ್ ಓನರ್’, ಅರ್ಥಾತ್ ವಸ್ತುವಿನ ಒಡೆಯನು, ಒಬ್ಬನೇ. ಯಾವ ಕೆಲಸವು ಮೊದಲೆಂಬುದನ್ನು ಅವನು ನಿಶ್ಚಯಿಸುವನು; ಹೇಗೆ ಮಾಡಬೇಕೆಂಬುದು ತಂಡದ ಅಧಿಕಾರ. ತಿಂಗಳನ್ನು ಮೀರದ ಪ್ರತಿಯೊಂದು ಅವಧಿಯ ಕೊನೆಗೆ ಎಲ್ಲರೂ ಕೂಡಿ ಕೆಲಸವನ್ನು ಪರಿಶೀಲಿಸುವರು.

ನೆಯ್ದ ದಡಿಯನ್ನು ಬದಲಿಸಲಾಗದು. ತಂತ್ರಾಂಶವನ್ನಾದರೋ ಮುಂದಿನ ಸುತ್ತಿನಲ್ಲಿ ತಿದ್ದಬಹುದು. ಆದರೆ ನಡುವೆ ಮುಖ ತೋರದ ಒಡೆಯನು ಕೊನೆಗೆ ಬಂದು ‘ಇದಲ್ಲ’ವೆಂದರೆ, ದುಡಿದವರ ರಾತ್ರಿಗಳನ್ನು ಮರಳಿ ಕೊಡುವವರಾರು? ನಮ್ಮ ಮಕ್ಕಳು ಒಡೆಯರಾದಾಗ ಇದನ್ನು ಮರೆಯದಿರಲಿ.