ರಾಯಚೂರು ಸೀಮೆಯ ಕುಡಿಯುವ ನೀರು ಮತ್ತು ಫ್ಲೋರೈಡ್

ರಾಯಚೂರಿನ ಕೋಟೆಯನ್ನು ನೋಡಿದವರು ಅದರ ಗೋಡೆಯಲ್ಲಿ ಸೇರಿರುವ ಒಂದು ಮಹಾಶಿಲೆಯನ್ನು ಕಂಡು ಬೆರಗಾಗದೆ ಇರಲಾರರು. ಅದರ ಉದ್ದ 41 ಅಡಿ. 1294ರಲ್ಲಿ ಕೋಟೆಯನ್ನು ಕಟ್ಟಿಸಿದ ಸಂಗತಿ ಅದರ ಮೇಲೆ ಶಾಸನವಾಗಿ ನಿಂತಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತರುತ್ತಿರುವ ಚಿತ್ರವೂ ಅಲ್ಲಿಯೇ ಉಂಟು. ಈ ಸೀಮೆಯಲ್ಲಿ ಕಲ್ಲಿಗೆ ಎಂದೂ ಬರವಿಲ್ಲ. ಊರಿನಿಂದ ಮಾನ್ವಿಯ ಕಡೆಗೆ ಹೋಗಲಿ, ದೇವದುರ್ಗದ ಕಡೆಗೆ ಹೋಗಲಿ, ಎರೆಯ ಹೊಲಗಳ ನಡುವೆ ಗ್ರ್ಯಾನೈಟಿನ ಬೋಳುಗುಡ್ಡಗಳು ತಲೆಯೆತ್ತಿ ನಿಂತಿರುತ್ತವೆ. ಮಣ್ಣಿನ ಕೆಳಗೆ ಹಾಸಿರುವುದೂ ಅದೇ ಬಂಡೆ. ಕೊಳವೆಬಾವಿಯ ನೀರು ಬರುವುದು ಆ ಬಂಡೆಯ ಬಿರುಕುಗಳಿಂದ. ನಾವು ಈ ಲೇಖನದಲ್ಲಿ ವಿಚಾರಿಸಬೇಕೆಂದಿರುವುದು ಆ ಬಂಡೆಯು ನೀರಿಗೆ ಕೊಡುವ ಒಂದು ವಸ್ತುವನ್ನು, ಅದರ ಅಳತೆಯನ್ನು, ಮತ್ತು ಆ ಅಳತೆಯ ಲೆಕ್ಕದಲ್ಲಿ ಬಿಟ್ಟುಹೋಗುವ ಮನುಷ್ಯರನ್ನು.

ಗ್ರ್ಯಾನೈಟಿನಲ್ಲಿ ಮಿನುಗುವ ಕರಿ ಅಭ್ರಕವನ್ನು ಎಲ್ಲರೂ ಕಂಡಿದ್ದಾರೆ. ಅಭ್ರಕದ ರಚನೆಯಲ್ಲಿ ಆಮ್ಲಜನಕ ಮತ್ತು ಜಲಜನಕದ ಒಂದೊಂದು ಪರಮಾಣು ಕೂಡಿದ ಹೈಡ್ರಾಕ್ಸಿಲ್ ಎಂಬ ಋಣ ಅಯಾನು ಇರುತ್ತದೆ. ಫ್ಲೋರೀನಿನ ಅಯಾನು, ಅಂದರೆ ಫ್ಲೋರೈಡ್, ಗಾತ್ರದಲ್ಲಿ ಹೈಡ್ರಾಕ್ಸಿಲಿಗೆ ಬಹುಮಟ್ಟಿಗೆ ಸಮ, ವಿದ್ಯುದಂಶದಲ್ಲಿಯೂ ಸಮ. ಆದುದರಿಂದ ಹರಳಿನಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ಸುಲಭವಾಗಿ ಕುಳಿತುಕೊಳ್ಳಬಲ್ಲದು. ಕೋಟ್ಯಂತರ ವರ್ಷಗಳ ಹಿಂದೆ ಬಂಡೆ ಹೆಪ್ಪುಗಟ್ಟಿದಾಗ ಹೀಗೆ ಎಷ್ಟೋ ಫ್ಲೋರೈಡ್ ಅಯಾನುಗಳು ಅಭ್ರಕದೊಳಗೆ ಸೇರಿಕೊಂಡವು. ಈಗ ಬಿರುಕಿನಲ್ಲಿ ನಿಂತ ಕ್ಷಾರೀಯ ನೀರು ತನ್ನಲ್ಲಿರುವ ಹೈಡ್ರಾಕ್ಸಿಲನ್ನು ಕೊಟ್ಟು ಫ್ಲೋರೈಡನ್ನು ಬಿಡಿಸಿಕೊಳ್ಳುತ್ತದೆ. ನೀರು ಬಂಡೆಯೊಡನೆ ಹೆಚ್ಚು ಕಾಲ ಇದ್ದಷ್ಟೂ ಈ ವಿನಿಮಯ ಹೆಚ್ಚು.

ನಮ್ಮ ಹಲ್ಲುಗಳಲ್ಲಿಯೂ ಮೂಳೆಗಳಲ್ಲಿಯೂ ನಡೆಯುವುದು ಇದೇ ವಿನಿಮಯ, ಆದರೆ ತಿರುವುಮುರುವಾಗಿ. ಹಲ್ಲಿನ ಹೊರಕವಚವು ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸಿಲ್ ಕೂಡಿದ ಖನಿಜ. ಅಲ್ಲಿ ಹೈಡ್ರಾಕ್ಸಿಲ್ ಹೊರಟುಹೋಗಿ ಫ್ಲೋರೈಡ್ ಒಳಬರುತ್ತದೆ. ಅದು ಸ್ವಲ್ಪವಾದರೆ ಹಲ್ಲು ಹುಳುಕನ್ನು ತಡೆಯುವ ಶಕ್ತಿ ಪಡೆಯುತ್ತದೆ. ಹೆಚ್ಚಾದರೆ, ಕವಚ ಕಟ್ಟಿಕೊಳ್ಳುತ್ತಿರುವ ಎಳವೆಯಲ್ಲಿಯೇ ಕಟ್ಟಡ ಕೆಟ್ಟು, ಸುಣ್ಣದಂಥ ಬಿಳಿ ಮಚ್ಚೆಗಳೂ ಕಂದುಪಟ್ಟೆಗಳೂ ಮೂಡುತ್ತವೆ. ಸುಮಾರು ಎಂಟು ವರ್ಷದೊಳಗೆ ಕುಡಿದ ನೀರಿನ ಗುರುತು ಇದು. ಆಮೇಲೆ ಕುಡಿದ ನೀರು ಮುಂದಿನ ಹಲ್ಲುಗಳಲ್ಲಿ ಈ ಮಚ್ಚೆಯನ್ನು ಮೂಡಿಸಲಾರದು. ಆದ್ದರಿಂದ ಹಲ್ಲು ನೋಡಿ ಹೇಳಬಹುದಾದದ್ದು ಈಗಿರುವ ಊರಿನ ನೀರನ್ನಲ್ಲ, ಹುಟ್ಟಿ ಬೆಳೆದ ಊರಿನ ನೀರನ್ನು. ಉಜ್ಜಿದರೆ ಹೋಗುವ ಕಲೆಯೂ ಇದಲ್ಲ. ನಗುವಾಗ ಬಾಯಿಗೆ ಸೆರಗನ್ನೋ ಕೈಯನ್ನೋ ಅಡ್ಡ ಹಿಡಿಯುವ ಹುಡುಗಿಯರನ್ನು ನಾವು ನಮ್ಮ ತರಗತಿಗಳಲ್ಲಿಯೇ ಕಂಡಿದ್ದೇವೆ. ಹಲ್ಲು ತಿಕ್ಕದ ಸೋಮಾರಿಗಳೆಂದು ಅವರನ್ನು ಆಡಿಕೊಳ್ಳುವವರೂ ಇದ್ದಾರೆ.

ಈ ರೋಗದ ಮೂಲ ತಿಳಿದದ್ದು ಅಷ್ಟೇನೂ ಹಿಂದೆಯಲ್ಲ. ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿ ಮೆಕೇ ಎಂಬ ದಂತವೈದ್ಯನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಕಂದುಹಲ್ಲುಗಳನ್ನು ಗುರುತಿಸಿದ್ದನಾದರೂ, ಕಾರಣ ಫ್ಲೋರೈಡೆಂದು ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞನು ತೋರಿಸಿಕೊಟ್ಟದ್ದು 1931ರಲ್ಲಿ. ಆರು ವರ್ಷ ಕಳೆಯುವುದರೊಳಗೆ, 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರಿನಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ಬೆನ್ನುಮೂಳೆ ಬಿಗಿದು ಬಾಗಿಹೋದವರನ್ನು ಪರೀಕ್ಷಿಸಿ, ಹಲ್ಲನ್ನು ಕೆಡಿಸುವ ಅದೇ ವಸ್ತು ಮೂಳೆಯನ್ನೂ ಕೆಡಿಸುತ್ತದೆಂದು ಪ್ರಕಟಿಸಿದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಅವರು ಇನ್ನೊಂದು ರೂಪವನ್ನು ವಿವರಿಸಿದರು: ಹದಿಹರೆಯದವರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ವಿಕಾರ. ಜೋಳವನ್ನೇ ನಂಬಿದ, ಕ್ಯಾಲ್ಸಿಯಂ ಕೊರತೆಯ ಊಟದ ಬಡವರಲ್ಲಿ ಇದು ಕಂಡುಬಂದಿತೆಂಬುದನ್ನು ಇಲ್ಲಿ ಮರೆಯಬಾರದು. ನಮ್ಮ ಸಮೀಪದ ಬಳ್ಳಾರಿ ಜಿಲ್ಲೆಯ ಪೆದ್ದವಂಕಹಳ್ಳದ ಜಲಾನಯನದಲ್ಲಿ ಒಡೆಯರ್ ಮತ್ತು ಶ್ರೀನಿವಾಸನ್ ಎಂಬ ಭೂವಿಜ್ಞಾನಿಗಳು ಅಂತರ್ಜಲದ ಫ್ಲೋರೈಡನ್ನೂ ಜನರ ಮೇಲೆ ಅದರ ಪರಿಣಾಮವನ್ನೂ ಅಭ್ಯಸಿಸಿ 1996ರಲ್ಲಿ ಬರೆದರು.

ಇಂಥ ಸಂಶೋಧನೆ ಜಿಲ್ಲೆಯ ಕಾಲೇಜುಗಳಿಗೂ ಎಟುಕುವಂತಾದದ್ದು ಒಂದು ಚಿಕ್ಕ ಉಪಕರಣದಿಂದ. 1966ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬುವರು ಲ್ಯಾಂಥನಂ ಫ್ಲೋರೈಡಿನ ಹರಳನ್ನು ತುದಿಗೆ ಕೂರಿಸಿ ಒಂದು ವಿದ್ಯುದ್ವಾರವನ್ನು ಮಾಡಿದರು. ನೀರಿನಲ್ಲಿ ಅದ್ದಿದಾಗ ಆ ಹರಳಿನ ಮೂಲಕ ಫ್ಲೋರೈಡ್ ಅಯಾನು ಮಾತ್ರ ಸಂಚರಿಸಬಲ್ಲದು. ಸಾಂದ್ರತೆ ಹತ್ತು ಪಟ್ಟು ಬದಲಾದರೆ ವಿದ್ಯುದ್ವಿಭವ 25 ಡಿಗ್ರಿ ಉಷ್ಣತೆಯಲ್ಲಿ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಭೌತವಿಜ್ಞಾನದವರಾದ ನಮಗೆ ಈ ಹರಳಿನ ಮೇಲೆ ತುಸು ಹೆಚ್ಚು ಪ್ರೀತಿಯಿದ್ದರೆ ವಾಚಕರು ಕ್ಷಮಿಸಬೇಕು. ನಾಲಗೆಗಾಗಲಿ ಕಣ್ಣಿಗಾಗಲಿ ಎಂದೂ ಸಿಕ್ಕದ ವಸ್ತುವನ್ನು ಅದು ನಿಮಿಷಗಳಲ್ಲಿ ಹೇಳಿಬಿಡುತ್ತದೆ.

ನಾಲಗೆಗೆ ಸಿಕ್ಕದ್ದು ಮಾತ್ರವಲ್ಲ, ನಾಲಗೆ ಇಲ್ಲಿ ಮೋಸವನ್ನೂ ಮಾಡುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಫ್ಲೋರೈಡ್ ಬಹಳ ನಿಲ್ಲಲಾರದು. ಎರಡೂ ಕೂಡಿ ಕರಗದ ಲವಣವಾಗಿ ತಳಕ್ಕಿಳಿಯುತ್ತವೆ. ಎರೆಮಣ್ಣಿನಲ್ಲಿ ಸಿಕ್ಕುವ ಸುಣ್ಣದ ಗಂಟುಗಳು ನೀರಿನೊಳಗಿನ ಕ್ಯಾಲ್ಸಿಯಂ ಹೊರಬಿದ್ದುದರ ಸಾಕ್ಷಿ. ಹಾಗೆ ಕ್ಯಾಲ್ಸಿಯಂ ಕಳೆದುಕೊಂಡು ಸೋಡಿಯಂ ತುಂಬಿದ ಮೆದು ನೀರಿನಲ್ಲಿ ಫ್ಲೋರೈಡಿಗೆ ತಡೆಯಿಲ್ಲ. ಸೋಪು ಚೆನ್ನಾಗಿ ನೊರೆಯುತ್ತದೆ, ಬೇಳೆ ಬೇಗ ಬೇಯುತ್ತದೆ ಎಂದು ಮನೆಯವರು ಮೆಚ್ಚಿ ದೂರದಿಂದ ಹೊತ್ತು ತಂದ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಿರುವ ಸಂಭವವುಂಟು. ಕುದಿಸಿದರೂ ಪ್ರಯೋಜನವಿಲ್ಲ. ಒಮ್ಮೆ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ಕೇಳಿದಾಗ ನಾವೇ ಯೋಚಿಸದೆ, ಕುದಿಸಿ ಕುಡಿಯಿರಿ ಎಂದು ಹೇಳಿಬಿಟ್ಟೆವು. ಮನೆಗೆ ಬಂದ ಮೇಲೆ ತಪ್ಪು ಹೊಳೆಯಿತು: ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲಿಯೇ ಉಳಿಯುತ್ತದೆ, ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಇನ್ನು ಅಳತೆಯ ಮಾತು. ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ನಿಯಮದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರಿನ ಆಸರೆಯೇ ಇಲ್ಲದಾಗ 1.5ರವರೆಗೆ ಒಪ್ಪಬಹುದು. ರಾಯಚೂರು ಜಿಲ್ಲೆಯ ಹಲವು ಭಾಗಗಳಲ್ಲಿ ಅಂತರ್ಜಲ ಈ ಮೇಲಿನ ಮಿತಿಯನ್ನೂ ದಾಟುತ್ತದೆ. ದಾಟಿದ ಬಾವಿಗೆ ಕೆಂಪು ಬಣ್ಣ ಬಳಿದು ಮುಚ್ಚಬಹುದು. ನಮ್ಮ ಚಿಂತೆ ದಾಟದ ಬಾವಿಯ ವಿಷಯದಲ್ಲಿ.

ದೇಹಕ್ಕೆ ಮುಖ್ಯವಾದದ್ದು ಲೀಟರಿನಲ್ಲಿ ಎಷ್ಟಿದೆ ಎಂಬುದಲ್ಲ, ದಿನಕ್ಕೆ ಒಳಗೆ ಎಷ್ಟು ಹೋಯಿತು ಎಂಬುದು. ದಿನಕ್ಕೆ 2 ಲೀಟರು ಕುಡಿಯುವವನಿಗೆ 1.5ರ ನೀರು ಕೊಡುವುದು 3 ಮಿಲಿಗ್ರಾಂ. ವೈಶಾಖದ ಬಿಸಿಲಿನಲ್ಲಿ ಮಾನ್ವಿಯ ಹೊಲದಲ್ಲಿ ದುಡಿಯುವ ಹೆಣ್ಣುಮಗಳು 5 ಲೀಟರು ಕುಡಿಯುವಳೆಂದು ಹಿಡಿಯಿರಿ. ಇದು ಅತಿಶಯವೇನೂ ಅಲ್ಲ. ಅವಳಿಗೆ ಅದೇ ನೀರಿನಿಂದ 7.5 ಮಿಲಿಗ್ರಾಂ ಆಯಿತು. ರೊಟ್ಟಿಯ ಹಿಟ್ಟು ನಾದಿದ ನೀರು, ಬೇಳೆ ಹೀರಿದ ನೀರು, ಚಹದ ಎಲೆಯಲ್ಲಿ ಸಹಜವಾಗಿಯೇ ಇರುವ ಫ್ಲೋರೈಡ್, ಇವು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಪರಾಮರ್ಶೆಯ ಪ್ರಕಾರ, ಎಲ್ಲ ಮೂಲಗಳಿಂದ ದಿನಕ್ಕೆ 14 ಮಿಲಿಗ್ರಾಂ ಸೇರಿದರೆ ಮೂಳೆಗಳಿಗೆ ಅಪಾಯ ಸ್ಪಷ್ಟ. ಸುಮಾರು 6 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚುವ ಸೂಚನೆಗಳುಂಟು. ಕಾಗದದ ಮೇಲೆ ತೇರ್ಗಡೆಯಾದ ನೀರು ಈ ಹೊಲದಲ್ಲಿ ಆ ಗೆರೆಯನ್ನು ದಾಟಿಬಿಟ್ಟಿತು.

ಉಷ್ಣತೆಗೂ ನೀರಿಗೂ ಇರುವ ಈ ನಂಟನ್ನು 1957ರಷ್ಟು ಹಿಂದೆಯೇ ಗಲಗನ್ ಮತ್ತು ವರ್ಮಿಲಿಯನ್ ಎಂಬಿಬ್ಬರು ಸೂತ್ರವಾಗಿ ಬರೆದರು. ಕ್ಯಾಲಿಫೋರ್ನಿಯದ ಮಕ್ಕಳು ಎಷ್ಟು ನೀರು ಕುಡಿಯುತ್ತಾರೆಂಬುದನ್ನು ಅಲ್ಲಿನ ಗರಿಷ್ಠ ಉಷ್ಣತೆಯೊಡನೆ ಹೊಂದಿಸಿ, ಹಲ್ಲಿಗೆ ಹಿತವಾದ ಫ್ಲೋರೈಡ್ ಎಷ್ಟೆಂದು ಅವರು ಲೆಕ್ಕ ಹಾಕಿದರು. ವರ್ಷದ ಸರಾಸರಿ ಗರಿಷ್ಠ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಇರುವ ಊರಿಗೆ ಆ ಸೂತ್ರ ಕೊಡುವ ಉತ್ತರ ಲೀಟರಿಗೆ 1.04 ಮಿಲಿಗ್ರಾಂ. ರಾಯಚೂರಿಗೆ 34 ಡಿಗ್ರಿ ಎಂದು ಹಿಡಿದು ನಾವು ಲೆಕ್ಕ ಮಾಡಿದೆವು, ಬಂದದ್ದು 0.63. ಈ ಸೂತ್ರ ಹಿತದ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಅಪಾಯದ ಮಿತಿಯನ್ನಲ್ಲ. ಅಮೆರಿಕದ ಮಕ್ಕಳಿಂದ ಬಂದ ಲೆಕ್ಕ ನಮ್ಮ ಕೂಲಿಕಾರರಿಗೆ ಹಾಗೆಯೇ ಹೊಂದುವುದೂ ಇಲ್ಲ. ಆದರೂ ಬಿಸಿಲೂರಿನ ಅಳತೆ ತಂಪೂರಿನದಕ್ಕಿಂತ ಕಡಮೆಯಿರಬೇಕೆಂಬ ಮಾತು ಅಲ್ಲಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ 1.5ರ ಸೂಚನೆಯ ಜೊತೆಗೆ, ಆಯಾ ದೇಶದ ಹವೆಯನ್ನೂ ಜನ ಕುಡಿಯುವ ನೀರಿನ ಪ್ರಮಾಣವನ್ನೂ ಗಮನಿಸಿ ಮಿತಿ ಗೊತ್ತುಮಾಡಿಕೊಳ್ಳಬೇಕೆಂದು ಹೇಳಿಯೇ ಇದೆ.

ಮಕ್ಕಳ ವಿಷಯದಲ್ಲಿ ಈಚೆಗೆ ಇನ್ನೊಂದು ಸಂಗತಿ ಸೇರಿಕೊಂಡಿದೆ. 2024ರ ಆಗಸ್ಟಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು ಭಾರತವೂ ಸೇರಿ ಹಲವು ದೇಶಗಳ ಅಧ್ಯಯನಗಳನ್ನು ತೂಗಿನೋಡಿ, ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿನ ಫ್ಲೋರೈಡಿಗೂ ಮಕ್ಕಳ ಬುದ್ಧಿಸೂಚ್ಯಂಕ ಕಡಮೆಯಾಗಿರುವುದಕ್ಕೂ ಸಂಬಂಧವಿದೆಯೆಂದು ಮಧ್ಯಮ ವಿಶ್ವಾಸದಿಂದ ಹೇಳಿತು. ಅದಕ್ಕಿಂತ ಕಡಮೆ ಪ್ರಮಾಣದ ಬಗೆಗೆ ತೀರ್ಮಾನ ಹೇಳಲು ಸಾಕ್ಷ್ಯ ಸಾಲದೆಂದೂ ಒಪ್ಪಿಕೊಂಡಿತು.

ಹಾಗಾದರೆ ಕೊಳವೆಬಾವಿಯೇ ಖಳನೆ? ಅಷ್ಟು ಅವಸರದ ತೀರ್ಪು ಬೇಡ. ನಮ್ಮ ತಂದೆತಾಯಿಗಳ ಕಾಲದಲ್ಲಿ ಜನರು ಮೆಟ್ಟಿಲುಬಾವಿಗೆ ಇಳಿದು ನೀರು ಮೊಗೆಯುತ್ತಿದ್ದರು. ಆ ನೀರಿನಿಂದಲೇ ನಾರುಹುಣ್ಣು ಹರಡುತ್ತಿತ್ತು. ಕರ್ನಾಟಕವೂ ಆ ರೋಗದ ನೆಲೆಗಳಲ್ಲಿ ಒಂದಾಗಿದ್ದಿತು. ಮೆಟ್ಟಿಲುಬಾವಿಯನ್ನು ಬಿಡಿಸಿ ಕೈಪಂಪು ಹಾಕಿದ್ದು ರೋಗವನ್ನು ಓಡಿಸಿದ ಕ್ರಮಗಳಲ್ಲಿ ಪ್ರಮುಖವಾದುದು. ದೇಶದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಹುಳುವಿಲ್ಲದ ನೀರು ಬೇಕೆಂದು ಬಂಡೆಯೊಳಗೆ ಆಳಕ್ಕಿಳಿದ ನಮಗೆ ಬಂಡೆ ತನ್ನದನ್ನೂ ಕೊಟ್ಟಿತು.

ಪರಿಹಾರಗಳಿಲ್ಲದೆ ಇಲ್ಲ. ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವ ವಿಧಾನವನ್ನು ನಾಗಪುರದ ಸಂಶೋಧನಾ ಸಂಸ್ಥೆಯವರು ರೂಪಿಸಿ ತೆಲಂಗಾಣದ ನಲ್ಗೊಂಡದ ಹೆಸರನ್ನೇ ಇಟ್ಟರು. ಈಗ ಹಳ್ಳಿಹಳ್ಳಿಗೂ ಬಂದಿರುವುದು ಆರ್.ಒ. ಯಂತ್ರದ ಶುದ್ಧ ನೀರಿನ ಘಟಕ. ಅದು ಕೆಲಸ ಮಾಡುವಾಗ ಚೆನ್ನಾಗಿಯೇ ಮಾಡುತ್ತದೆ. ಆದರೆ ಅದು ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಹೆಚ್ಚು, ಮತ್ತು ಆ ನೀರು ಹರಿಯುವುದು ಊರ ಚರಂಡಿಗೆ. ನಮಗೆ ಇನ್ನೂ ದೊಡ್ಡದಾಗಿ ತೋರುವ ಕೊರತೆ ಬೇರೆ. ಘಟಕದ ಒಂದು ಕ್ಯಾನು ನೀರು ಮನೆಯಲ್ಲಿರುತ್ತದೆ. ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಹೋದವರು ಮಧ್ಯಾಹ್ನ ಕುಡಿಯುವುದು ಹೊಲದ ಬೋರಿನ ನೀರನ್ನು. ದಿನದ ಬಾಯಾರಿಕೆಯ ಹೆಚ್ಚು ಪಾಲು ತೀರುವುದು ಅಲ್ಲಿ, ನೀರು ಪರೀಕ್ಷೆಗೆ ಹೋಗುವುದು ಇಲ್ಲಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಈ ದೋಆಬಿನಲ್ಲಿ ಹೊಳೆಯ ನೀರನ್ನು ಶುದ್ಧಿಮಾಡಿ ಕೊಳವೆಯಲ್ಲಿ ತರುವುದೇ ಉತ್ತಮವೆಂದು ನಮ್ಮ ಅಭಿಪ್ರಾಯ. ಆ ಕೊಳವೆಯೂ ಊರ ಬಾಗಿಲಿನಲ್ಲಿ ನಿಲ್ಲುತ್ತದೆ, ಹೊಲದವರೆಗೆ ಹೋಗದು.

ಹುಣಿಸೆಹಣ್ಣಿನ ಸಂಗತಿಯನ್ನು ಕೇಳಿ ಬಲ್ಲವರು ಈ ಹೊತ್ತಿಗೆ ಅಸಹನೆಗೊಂಡಿರಬಹುದು. 2002ರಲ್ಲಿ ಹೈದರಾಬಾದಿನ ಅದೇ ಪೋಷಣಾ ಸಂಸ್ಥೆಯ ಖಾಂಡರೆ ಮತ್ತು ಜೊತೆಗಾರರು, ದಿನಕ್ಕೆ 10 ಗ್ರಾಂ ಹುಣಿಸೆಹಣ್ಣು ತಿಂದ ಹುಡುಗರ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಹೋಯಿತೆಂದು ತೋರಿಸಿದ್ದು ನಿಜ. ನಮ್ಮ ಸಾರಿಗೆ ಇದರಿಂದ ಒಂದು ಗೌರವ ಬಂದಂತಾಯಿತು. ಆದರೆ ಬಾಗಿದ ಮೂಳೆಯನ್ನು ಅದು ನೆಟ್ಟಗೆ ಮಾಡುವುದಿಲ್ಲ. ಹಾಲು, ಮಜ್ಜಿಗೆ, ಸೊಪ್ಪಿನಿಂದ ಬರುವ ಕ್ಯಾಲ್ಸಿಯಮ್ಮಿನಂತೆ ಅದೂ ಒಂದು ಆಸರೆ ಅಷ್ಟೆ.

ನೀರನ್ನು ಅಳೆಯುವ ಹರಳು ನಮ್ಮಲ್ಲಿದೆ. ಹಲ್ಲಿನ ಮಚ್ಚೆಗೆ ದರ್ಜೆ ಕೊಡುವ ಕ್ರಮವನ್ನು ಡೀನ್ ಎಂಬುವರು 1930ರ ದಶಕದಲ್ಲಿಯೇ ಮಾಡಿಟ್ಟಿದ್ದಾರೆ. ಉಳಿದದ್ದು ನಡುವಿನ ಅಂಕಿ: ದೇವದುರ್ಗದ ಹೊಲದಲ್ಲಿ ಮೇ ತಿಂಗಳ ಒಂದು ದಿನ ಒಬ್ಬಳು ಎಷ್ಟು ನೀರು ಕುಡಿಯುತ್ತಾಳೆ, ಯಾವ ಬಾವಿಯದು. ಅದಕ್ಕೆ ದುಬಾರಿಯ ಪ್ರಯೋಗಶಾಲೆ ಬೇಡ. ಲೀಟರಿನ ಗೆರೆ ಹಾಕಿದ ಒಂದು ತಂಬಿಗೆ, ಒಂದು ನೋಟುಪುಸ್ತಕ, ಮತ್ತು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂಲಿಕಾರರ ಜೊತೆ ಬಿಸಿಲಿನಲ್ಲಿ ನಿಲ್ಲಲು ಒಪ್ಪುವ ವಿದ್ಯಾರ್ಥಿಗಳು ಸಾಕು.