ಪರರ ಜಮೀನಿನಲ್ಲಿ ಊರಿನ ದಾರಿ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಈಡೇಲ್ ಮತ್ತು ಕ್ಯಾಸಲ್‌ಟನ್ ಎಂಬ ಎರಡು ಹಳ್ಳಿಗಳ ನಡುವೆ ಉದ್ದನೆಯ ಗುಡ್ಡದ ಸಾಲೊಂದಿದೆ. ಈಡೇಲ್‌ನಲ್ಲಿ ರೈಲಿಳಿದು, ಹಾಲಿನ್ಸ್ ಕ್ರಾಸ್ ಎಂಬಲ್ಲಿ ಸಾಲನ್ನು ಹತ್ತಿಳಿದು ಕ್ಯಾಸಲ್‌ಟನ್ ಸೇರಿ, 517 ಮೀಟರ್ ಎತ್ತರದ ಮ್ಯಾಮ್ ಟೋರ್ ಬೆಟ್ಟದ ನೆತ್ತಿಯಿಂದ ಮತ್ತೆ ಈಡೇಲ್‌ಗೆ ಬರುವ ಸುತ್ತು ಸುಮಾರು 12 ಕಿಲೋಮೀಟರ್. ಅರ್ಧ ದಿನದ ನಡಿಗೆ. ಹೋದವರೆಲ್ಲ ಹೊಗಳುವುದು ಅಲ್ಲಿನ ನೋಟವನ್ನು. ಆದರೆ ಈ ದಾರಿ ಯಾರದೋ ಹುಲ್ಲುಗಾವಲಿನ ಮಧ್ಯೆ, ಯಾರದೋ ಕಲ್ಲುಗೋಡೆ ದಾಟಿ ಸಾಗುತ್ತದೆ. ನಡೆಯುವವನು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಇಂಥ ನಡಿಗೆಯನ್ನು ಸಾಧ್ಯವಾಗಿಸಿದ್ದು ಹಿಂದಿನವರು ಹೊಟ್ಟೆಪಾಡಿಗಾಗಿ ಸವೆಸಿದ ಹಾದಿ, ಮತ್ತು ಆ ಸವೆತವನ್ನೇ ಹಕ್ಕೆಂದು ಒಪ್ಪಿಕೊಂಡ ಕಾನೂನು ಎಂಬುದು ನನ್ನ ವಾದ.

ಹಾಲಿನ್ಸ್ ಕ್ರಾಸ್‌ನ ಚರಿತ್ರೆಯನ್ನೇ ನೋಡಿ. ಈಡೇಲ್‌ಗೆ ತನ್ನದೇ ಚರ್ಚ್ ಇಲ್ಲದಿದ್ದ ಕಾಲದಲ್ಲಿ ಅಲ್ಲಿನವರು ಶವವನ್ನು ಹೊತ್ತು ಇದೇ ಏರು ಹತ್ತಿ ಆಚೆಯ ಹೋಪ್ ಗ್ರಾಮದ ಚರ್ಚಿಗೆ ಒಯ್ಯುತ್ತಿದ್ದರು. ಮುಂದೆ ಈಡೇಲ್‌ನಲ್ಲಿ ಹತ್ತಿ ಗಿರಣಿ ಶುರುವಾದಾಗ ಕ್ಯಾಸಲ್‌ಟನ್‌ನ ಹೆಂಗಸರು ಕೆಲಸಕ್ಕೆಂದು ಇದೇ ಗುಡ್ಡ ದಾಟಿ ಬಂದರು. ಹೀಗೆ ಬಿದ್ದ ದಾರಿಗಳನ್ನು ನಕ್ಷೆಯಲ್ಲಿ ದಾಖಲಿಸುವ ಹೊಣೆಯನ್ನು 1949ರ ಕಾಯಿದೆ ಕೌಂಟಿ ಕೌನ್ಸಿಲ್‌ಗಳಿಗೆ ಹೊರಿಸಿತು. 1980ರ ಹೆದ್ದಾರಿ ಕಾಯಿದೆಯ ಪ್ರಕಾರ, ಜನ 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದೆಂಬಂತೆ ಓಡಾಡಿದ ಜಾಗವನ್ನು ಮಾಲೀಕ ದಾರಿಗೆ ಬಿಟ್ಟುಕೊಟ್ಟನೆಂದೇ ಭಾವಿಸಬೇಕು. ಬಿಟ್ಟುಕೊಡುವ ಉದ್ದೇಶ ತನಗಿರಲಿಲ್ಲವೆಂದು ಅವನೇ ರುಜುವಾತುಪಡಿಸಬೇಕು. ಹೊಲದ ನಡುವಿನ ಕಾಲುದಾರಿಯನ್ನು ಉತ್ತರೆ, ಮೊದಲ ಸಲ 14 ದಿನಗಳೊಳಗೆ ಅದನ್ನು ಕನಿಷ್ಠ ಒಂದು ಮೀಟರ್ ಅಗಲಕ್ಕೆ ಮತ್ತೆ ಸಮ ಮಾಡಿಕೊಡಬೇಕು. ಗೋಡೆ ದಾಟಲು ಇರುವ ತಡಮೆಯನ್ನು ಸುಸ್ಥಿತಿಯಲ್ಲಿಡುವುದೂ ಮಾಲೀಕನದೇ ಹೊಣೆ.

ಇದು ರೈತನ ಮೇಲೆ ಹೊರೆಯಲ್ಲವೇ ಎಂದು ಕೇಳಬಹುದು. ಹೌದು, ಹೊರೆಯೇ. ತೆರೆದುಬಿಟ್ಟ ಗೇಟು, ಕುರಿಗಳ ಮೇಲೆರಗುವ ನಾಯಿ, ಇವು ನಿಜವಾದ ನಷ್ಟಗಳು. ಆದರೆ ಕಾನೂನು ನಡೆಯುವವನನ್ನೂ ಕಟ್ಟಿಹಾಕಿದೆ. ಕಾಲುದಾರಿಯಲ್ಲಿ ಅವನಿಗಿರುವುದು ಹಾದುಹೋಗುವ ಹಕ್ಕು ಮಾತ್ರ. 2000ದ ಕಾಯಿದೆ ತೆರೆದ ಬೆಟ್ಟ-ಬಯಲುಗಳಲ್ಲಿ ದಾರಿ ಬಿಟ್ಟೂ ಅಲೆಯಲು ಅವಕಾಶ ಕೊಟ್ಟಿತಾದರೂ, ಅಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಎರಡು ಮೀಟರ್ ಮೀರದ ಹಗ್ಗದಲ್ಲೇ ಹಿಡಿದಿರಬೇಕು. ಜನ ಹೆಚ್ಚಾದರೆ ಬೆಟ್ಟವೇ ಸವೆಯುತ್ತದೆ ಎಂಬ ಆಕ್ಷೇಪವೂ ಸುಳ್ಳಲ್ಲ. ಮ್ಯಾಮ್ ಟೋರ್‌ನ ಏಣಿನುದ್ದಕ್ಕೂ ಚಪ್ಪಡಿ ಹಾಸಬೇಕಾಗಿ ಬಂದದ್ದು ಅದಕ್ಕೇ. ಆದರೆ ಇದೇ ಬೆಟ್ಟದ ಇನ್ನೊಂದು ಬದಿಯಲ್ಲಿ ಮೋಟಾರು ರಸ್ತೆಯ ಗತಿ ನೋಡಬೇಕು. ಜಾರುವ ಮಣ್ಣಿನ ಮೇಲೆ ಮತ್ತೆ ಮತ್ತೆ ದುರಸ್ತಿ ಮಾಡಿ, ಕೊನೆಗೆ 1979ರಲ್ಲಿ ಅದನ್ನು ವಾಹನಗಳಿಗೆ ಶಾಶ್ವತವಾಗಿ ಮುಚ್ಚಿದರು. ಒಡೆದು ಬಾಯ್ಬಿಟ್ಟ ಅಂಚಿನಲ್ಲಿ ಒಂದರ ಮೇಲೊಂದು ಹಾಕಿದ ಡಾಂಬರಿನ ಪದರಗಳು ಈಗಲೂ ಕಾಣುತ್ತವೆ. ಅದರ ಮೇಲೆ ನಡೆಯುವವರು ಮಾತ್ರ ಆರಾಮಾಗಿ ಸಾಗುತ್ತಾರೆ.

ಇದೆಲ್ಲ ಬಿಡುವಿದ್ದವರ ಶೋಕಿ ಎನ್ನುವವರಿಗೆ ಈಡೇಲ್‌ನ ಉತ್ತರಕ್ಕಿರುವ ಕಿಂಡರ್ ಸ್ಕೌಟ್ ಪ್ರಸ್ಥಭೂಮಿಯೇ ಉತ್ತರ. ಅಲ್ಲಿ ಶ್ರೀಮಂತರು ಹಕ್ಕಿ ಬೇಟೆಗೆಂದು ಕಾಯ್ದಿಟ್ಟ ಬಯಲಿಗೆ 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಮುಂದಾಳತ್ವದಲ್ಲಿ ನೂರಾರು ಜನ ನುಗ್ಗಿದರು. ಹೆಚ್ಚಿನವರು ಮ್ಯಾಂಚೆಸ್ಟರ್ ಕಡೆಯ ದುಡಿಯುವ ಹುಡುಗ ಹುಡುಗಿಯರು. ಕಾವಲುಗಾರರೊಂದಿಗೆ ನೂಕಾಟವಾಗಿ ಐವರಿಗೆ ಎರಡರಿಂದ ಆರು ತಿಂಗಳ ಜೈಲುಶಿಕ್ಷೆಯಾಯಿತು. 1951ರಲ್ಲಿ ಈ ಸೀಮೆ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಹಕ್ಕಿನ ದಾರಿಗಳು ಇಂದು ಸುಮಾರು 2,25,000 ಕಿಲೋಮೀಟರ್. ನಕ್ಷೆಗೆ ಸೇರದೆ ಉಳಿದ ಹಳೆಯ ದಾರಿಗಳನ್ನು ದಾಖಲಿಸಲು 2031ರ ಗಡುವಿತ್ತು. ಅದನ್ನು ರದ್ದುಪಡಿಸುವುದಾಗಿ 2024ರ ಡಿಸೆಂಬರಿನಲ್ಲಿ ಸರ್ಕಾರ ಪ್ರಕಟಿಸಿತು. ಒಳ್ಳೆಯ ತೀರ್ಮಾನ. ಬಿಟ್ಟುಹೋದ ದಾರಿಗೆ ಪುರಾವೆ ಬೇಕಾದವರು ದಫ್ತರಖಾನೆಯಲ್ಲಿ ಕೂತು 19ನೇ ಶತಮಾನದ ಕಂದಾಯ ನಕ್ಷೆಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು, ಆ ಕೆಲಸ ಆತುರದಲ್ಲಿ ಆಗುವಂಥದ್ದಲ್ಲ.