ಗಿರಾಕಿ ಬರಲಿಲ್ಲ, ಬಿಲ್ಲು ಬಂತು!

ಅಂಗಡಿ ಬೋರ್ಡು ನೋಡಿಕೊಂಡು ನೂರು ಜನ ಹಾದುಹೋದರೂ ಅಂಗಡಿಕಾರನಿಗೆ ಕಾಸಿನ ಖರ್ಚಿಲ್ಲ. ಮೊಬೈಲಿನಲ್ಲಿ ಹಾಕಿಸುವ ಜಾಹೀರಾತಿನ ಲೆಕ್ಕವೇ ಬೇರೆ. ಯಾರಾದರೂ ಅದರ ಮೇಲೆ ಬೆರಳಿಟ್ಟರೆ ಸಾಕು, ಜಾಹೀರಾತು ಕೊಟ್ಟವನ ಖಾತೆಯಿಂದ ದುಡ್ಡು ಕಟ್! 1998ರಲ್ಲಿ ಅಮೆರಿಕದ ಗೋಟು ಡಾಟ್ ಕಾಂ ಶುರುಮಾಡಿದ ಈ 'ಕ್ಲಿಕ್ಕಿಗಿಷ್ಟು' ಪದ್ಧತಿಯನ್ನು ಹಿಡಿದೇ ಗೂಗಲ್ ಕುಬೇರನಾಯಿತು.

ಆದರೆ ಬೆರಳಿಟ್ಟವನು ಗಿರಾಕಿಯೇ ಅನ್ನೋದಕ್ಕೆ ಏನು ಗ್ಯಾರಂಟಿ? ಎದುರಂಗಡಿಯವನೂ ಇರಬಹುದು. ಇವನು ದಿನಕ್ಕೆ 500 ರೂಪಾಯಿ ಎಂದು ಮಿತಿ ಹಾಕಿಕೊಂಡಿದ್ದರೆ, ಅವನು ಬೆಳಿಗ್ಗೆಯೇ ಕೂತು ಒತ್ತಿ ಒತ್ತಿ ಅದನ್ನು ಮುಗಿಸುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಇವನ ಜಾಹೀರಾತು ಮಾಯ, ಅವನದು ಮೇಲೆ!

ಇನ್ನೊಂದು ಪಂಗಡವಿದೆ. ತಮ್ಮ ವೆಬ್‌ಸೈಟಿನಲ್ಲಿ ಜಾಹೀರಾತಿಗೆ ಜಾಗ ಕೊಟ್ಟು, ಪ್ರತಿ ಕ್ಲಿಕ್ಕಿನಲ್ಲೂ ಪಾಲು ತಿನ್ನುವವರು. ಕೂಲಿ ಕೊಟ್ಟು ಒತ್ತಿಸಿದರೂ ಇವರಿಗೆ ಲಾಭವೇ. ನಮ್ಮ ದೇಶದ ನಗರಗಳಲ್ಲೇ ಗೃಹಿಣಿಯರು, ಪದವೀಧರರು ಹೀಗೆ ಒತ್ತಿ ತಿಂಗಳಿಗೆ 100ರಿಂದ 200 ಡಾಲರ್ ಗಳಿಸುತ್ತಿದ್ದಾರೆಂದು 2004ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬರೆದಿತ್ತು. ಆಮೇಲೆ ಮನುಷ್ಯರೂ ಬೇಡವಾದರು. 2011ರಲ್ಲಿ ಸಿಕ್ಕಿಬಿದ್ದ ಎಸ್ಟೋನಿಯಾದ ತಂಡವೊಂದು 40 ಲಕ್ಷ ಕಂಪ್ಯೂಟರುಗಳಿಗೆ ಕಳ್ಳ ಪ್ರೋಗ್ರಾಂ ಹೊಕ್ಕಿಸಿ 1.4 ಕೋಟಿ ಡಾಲರ್ ನುಂಗಿತ್ತೆಂದು ಅಮೆರಿಕದ ಎಫ್‌ಬಿಐ ಹೇಳಿತು.

ಈ ಮೋಸದ ವಿರುದ್ಧ ಮೊದಮೊದಲು ಕೋರ್ಟಿನ ಮೆಟ್ಟಿಲೇರಿದವರಲ್ಲಿ ಅರ್ಕಾನ್ಸಾ ರಾಜ್ಯದ ಟೆಕ್ಸಾರ್ಕಾನಾ ಎಂಬ ಊರಿನ ಲೇನ್ಸ್ ಗಿಫ್ಟ್ಸ್ ಒಂದು. ಅದೂ ಅಂಗಡಿಯೇ, ಉಡುಗೊರೆ ಸಾಮಾನಿನದು. 2005ರಲ್ಲಿ ಗೂಗಲ್, ಯಾಹೂ ಮುಂತಾದವರ ಮೇಲೆ ಅದು ದಾವೆ ಹೂಡಿತು. ಸುಳ್ಳು ಕ್ಲಿಕ್ಕೆಂದು ಗೊತ್ತಿದ್ದೂ ಹಣ ವಸೂಲಿ ಮಾಡಿದ್ದಾರೆ ಎಂಬುದು ತಕರಾರು. ಗೂಗಲ್ 2006ರಲ್ಲಿ 9 ಕೋಟಿ ಡಾಲರಿನವರೆಗೆ ಕೊಡಲು ಒಪ್ಪಿ ರಾಜಿಯಾಯಿತು. ವಕೀಲರಿಗೆ 3 ಕೋಟಿ. ವ್ಯಾಪಾರಿಗಳಿಗೆ? ನಗದಲ್ಲ, ಮತ್ತೆ ಅಲ್ಲೇ ಜಾಹೀರಾತು ಹಾಕಿಸಲು ಜಮಾ! ಕಲಬೆರಕೆ ಎಣ್ಣೆ ಕೊಟ್ಟವನು, ದೂರು ಹೇಳಿದ್ದಕ್ಕೆ ಅದೇ ಡಬ್ಬದಿಂದ ಇನ್ನೊಂದು ಸೇರು ಅಳೆದುಕೊಟ್ಟಂತಾಯಿತು.

ಕಂಪನಿ ಸುಮ್ಮನೆ ಕೂತಿಲ್ಲವೆನ್ನಿ. ಸುಳ್ಳು ಕ್ಲಿಕ್ಕು ಸೋಸಲು ಅದರ ಬಳಿ ಜರಡಿಯಿದೆ. ಅದೇ ಕೇಸಿನಲ್ಲಿ ಪರಿಶೀಲಿಸಿದ ಪ್ರೊಫೆಸರ್ ಅಲೆಕ್ಸಾಂಡರ್ ಟುಝಿಲಿನ್ ಜರಡಿ ಸಮಂಜಸವೆಂದರು. ಆದರೆ ಒತ್ತಿದವನ ಮನಸ್ಸಿನಲ್ಲಿ ಏನಿತ್ತೆಂದು ಹಲವು ಸಲ ಹೇಳಲಾಗದು ಎಂದೂ ಬರೆದರು. ಅಸಲು ತೊಡಕು ಅಲ್ಲೇ. ಅಂಗಡಿಕಾರನ ತಕ್ಕಡಿಗೆ ಇಲಾಖೆಯವರು ಬಂದು ಮುದ್ರೆ ಒತ್ತುತ್ತಾರೆ. ಕ್ಲಿಕ್ಕಿನ ತಕ್ಕಡಿ ಮಾತ್ರ ಮಾರುವವನ ಕೈಯಲ್ಲೇ!

ಆರ್ಡರ್ ಬಂದರಷ್ಟೇ ದುಡ್ಡು ಎಂಬ ಏರ್ಪಾಡೂ ಉಂಟು. ಆದರೆ ಕೌಂಟರಿನಲ್ಲೇ ವ್ಯಾಪಾರ ಮಾಡುವವರಿಗೆ ಅದು ಒಗ್ಗುವುದು ಕಷ್ಟ. ಅಲ್ಲಿಯತನಕ ಇಂಥವರು ಎಷ್ಟು ಕ್ಲಿಕ್ಕಾಯಿತು ಅನ್ನೋದನ್ನು ಬಿಟ್ಟು, ಎಷ್ಟು ಫೋನು ಬಂತು ಎಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಲಿ. ಜಾಹೀರಾತು ತಮ್ಮ ಊರಿಗಷ್ಟೇ ಕಾಣುವಂತೆ ಕಟ್ಟು ಹಾಕಿಸಲಿ. ಲೆಕ್ಕದ ಪಟ್ಟಿಯಲ್ಲಿ ಅಮಾನ್ಯ ಕ್ಲಿಕ್ಕುಗಳ ಕಾಲಂ ಕೂಡ ಉಂಟು. ಅದು ತಾನಾಗಿ ಕಾಣುವುದಿಲ್ಲ, ಹುಡುಕಿ ತೆಗೆಯಬೇಕು.